ತಾನೇ ಆಡಿಕೊಳ್ಳುವ ಆಟದಲ್ಲಿ ಆಟಗಾರ ಯಾರು?

ಜನ ಈ ಆಟವನ್ನು ಯಾಕೆ ಆಡುತ್ತಾರೆ? 1989ರ ನವೆಂಬರಿನಿಂದ 1990ರ ಮೇ ತನಕ ಬ್ರಿಟನ್ನಿನ ಮಡ್ 2 ಎಂಬ ಆನ್‌ಲೈನ್ ಆಟದ ಹಿರಿಯ ಆಟಗಾರರು ಈ ಪ್ರಶ್ನೆಯನ್ನು ಹಿಡಿದು ವಾದ ಮಾಡಿದರು. ಆ ಆಟದಲ್ಲಿ ಚಿತ್ರವಿರಲಿಲ್ಲ, ಸದ್ದಿರಲಿಲ್ಲ. ಪರದೆಯ ಮೇಲೆ ಬರೀ ಅಕ್ಷರ. ನೀವೀಗ ಎಲ್ಲಿ ನಿಂತಿದ್ದೀರಿ, ಸುತ್ತ ಏನೇನಿದೆ ಎಂಬುದನ್ನು ಕಂಪ್ಯೂಟರ್ ಬರೆದು ತೋರಿಸುತ್ತಿತ್ತು. ಎತ್ತ ಹೋಗಬೇಕು, ಏನು ಮಾಡಬೇಕು ಎಂಬುದನ್ನು ಆಟಗಾರ ಟೈಪ್ ಮಾಡುತ್ತಿದ್ದ. ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಬೇರೆ ಊರಿನ ಇನ್ನೊಬ್ಬನೂ ಇರುತ್ತಿದ್ದ. ಇದರ ಮೊದಲ ರೂಪವನ್ನು 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದವರು ರಾಯ್ ಟ್ರಬ್‌ಶಾ. ಅದನ್ನು ಕೈಗೆತ್ತಿಕೊಂಡು ಬೆಳೆಸಿದವರು ರಿಚರ್ಡ್ ಬಾರ್ಟಲ್. ಹಿರಿಯರ ಆ ವಾದವನ್ನೆಲ್ಲ ಸೋಸಿ ಬಾರ್ಟಲ್ 1996ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮೊಬೈಲಿನಲ್ಲಿ ಸಾವಿರಾರು ಜನ ಒಂದೇ ಲೋಕದೊಳಗೆ ಪಾತ್ರ ಹಾಕಿ ಆಡುವ ಎಂಎಂಒಆರ್‌ಪಿಜಿಗಳ ಬಗ್ಗೆ ಇವತ್ತು ಯಾರೇ ಬರೆಯಲಿ, ಆಟಗಾರರ ಬಗೆ ಎಂದ ಕೂಡಲೇ ಆ ಪ್ರಬಂಧದ ನಾಲ್ಕು ಹೆಸರುಗಳಿಂದಲೇ ಶುರುಮಾಡುತ್ತಾರೆ.

ಬಾರ್ಟಲ್ ಆ ನಾಲ್ವರನ್ನು ಇಸ್ಪೀಟೆಲೆಗಳಿಗೆ ಹೋಲಿಸಿದ್ದರು. ಡೈಮಂಡ್ ಎಂದರೆ ಸಾಧಕ: ಅಂಕ, ಸಂಪತ್ತು, ಲೆವೆಲ್ ಇವೇ ಅವನ ಗುರಿ. ಇಸ್ಪೀಟ್ ಎಂದರೆ ಶೋಧಕ: ಲೋಕದ ಮೂಲೆಮುಡುಕನ್ನೂ ಆಟದ ಒಳಗುಟ್ಟನ್ನೂ ಕೆದಕುವವನು. ಆಟೀನ್ ಎಂದರೆ ಒಡನಾಡಿ: ಅವನಿಗೆ ಆಟವೆಂದರೆ ಜನ ಸೇರುವ ಜಗಲಿ. ಕಳಾವರ್ ಎಂದರೆ ಹಂತಕ: ಇನ್ನೊಬ್ಬನ ಮೇಲೆ ತನ್ನ ಕೈ ಮೇಲಾದಾಗ ಮಾತ್ರ ಅವನಿಗೆ ಸಮಾಧಾನ. ಇದರ ಹಿಂದೆ ಎರಡು ಸರಳ ಪ್ರಶ್ನೆಗಳಿವೆ. ನಿನ್ನ ಗಮನ ಲೋಕದ ಮೇಲೋ, ಜನರ ಮೇಲೋ? ನೀನು ಎದುರಿಗಿರುವುದರ ಮೇಲೆ ನಿನ್ನ ಇಚ್ಛೆ ನಡೆಸುತ್ತೀಯೋ, ಅದರ ಜೊತೆ ಕೊಟ್ಟು ತೆಗೆದುಕೊಳ್ಳುತ್ತೀಯೋ? ಲೋಕದ ಮೇಲೆ ಇಚ್ಛೆ ನಡೆಸುವವನು ಸಾಧಕ, ಜನರ ಮೇಲೆ ನಡೆಸುವವನು ಹಂತಕ. ಉಳಿದಿಬ್ಬರೂ ಹಾಗೆಯೇ ತಮ್ಮ ತಮ್ಮ ಮೂಲೆಗೆ ಬೀಳುತ್ತಾರೆ.

ಈ ವಿಂಗಡಣೆ ಮೂರು ದಶಕ ಬಾಳಿದೆ. ಬಾಳಿದ್ದಕ್ಕೆ ಕಾರಣ ಅದರ ಸರಳತೆ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪ್ರಬಂಧವನ್ನು ಪೂರ್ತಿ ಓದಿದವರಿಗೆ ಅದರ ನಿಜವಾದ ತಿರುಳು ಎರಡನೆಯ ಅರ್ಧದಲ್ಲಿ ಸಿಗುತ್ತದೆ. ಒಂದು ಬಗೆಯವರ ಸಂಖ್ಯೆ ಏರಿದರೆ ಇನ್ನೊಂದು ಬಗೆಯವರಿಗೆ ಏನಾಗುತ್ತದೆ ಎಂದು ಅಲ್ಲಿ ಬಾರ್ಟಲ್ ಲೆಕ್ಕ ಹಾಕುತ್ತಾರೆ. ಹಂತಕರು ಹೆಚ್ಚಾದರೆ ಒಡನಾಡಿಗಳು ಜಾಗ ಖಾಲಿ ಮಾಡುತ್ತಾರೆ. ಒಡನಾಡಿಗಳು ಹೋಗತೊಡಗಿದರೆ ಮತ್ತಷ್ಟು ಒಡನಾಡಿಗಳು ಹೊರಡುತ್ತಾರೆ, ಯಾಕೆಂದರೆ ಅವರು ಬರುತ್ತಿದ್ದುದೇ ಜನರಿಗಾಗಿ. ಹೀಗೆ ನೋಡುತ್ತ ಹೋದರೆ ಒಂದು ಲೋಕ ನಿಲ್ಲಬಹುದಾದ ನೆಲೆಗಳು ಕೆಲವೇ: ಹಂತಕರೂ ಸಾಧಕರೂ ಪರಸ್ಪರ ತೂಗಿಕೊಂಡಿರುವ ಲೋಕ, ಒಡನಾಡಿಗಳೇ ತುಂಬಿದ ಲೋಕ, ನಾಲ್ವರೂ ಹದವಾಗಿರುವ ಲೋಕ. ನಾಲ್ಕನೆಯದಾಗಿ ಅವರು ಯಾರೂ ಇಲ್ಲದ ಲೋಕವನ್ನೂ ಪಟ್ಟಿಗೆ ಸೇರಿಸಿದ್ದಾರೆ. ಅದೂ ಒಂದು ಸ್ಥಿರ ಸ್ಥಿತಿಯೇ. ಹದ ತಪ್ಪಿದರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ ಎಂಬುದನ್ನು ಆಟ ಕಟ್ಟುವವರ ಮುಂದೆ ಇಷ್ಟು ನೇರವಾಗಿ ಇಟ್ಟ ಬರಹ ಅಪರೂಪ. ಕೆರೆಯಲ್ಲಿ ಮೀನು, ಕಪ್ಪೆ, ಕೊಕ್ಕರೆಗಳ ಲೆಕ್ಕವನ್ನು ಒಟ್ಟಿಗೇ ಇಡುವವನ ಕಣ್ಣು ಅದು.

ಆಮೇಲೆ ಬಂದವರು ಕೆರೆಯನ್ನು ಬಿಟ್ಟು ಮೀನನ್ನು ಮಾತ್ರ ಹಿಡಿದರು. ಬಾರ್ಟಲ್ ಹೆಸರಿನಲ್ಲೇ ಒಂದು ಪ್ರಶ್ನಾವಳಿ ಹುಟ್ಟಿಕೊಂಡಿತು. ಅದನ್ನು ತಯಾರಿಸಿದವರು ಬೇರೆಯವರು. ಮೂವತ್ತು ನಲವತ್ತು ಪ್ರಶ್ನೆಗೆ ಟಿಕ್ ಹಾಕಿದರೆ ನೀವು ಶೇಕಡಾ ಇಷ್ಟು ಸಾಧಕ, ಇಷ್ಟು ಹಂತಕ ಎಂಬ ಉತ್ತರ ಬರುತ್ತದೆ. ಜಾತಕದ ಹಾಗೆ ಅದನ್ನು ಹಂಚಿಕೊಳ್ಳುವವರಿದ್ದಾರೆ. ಆದರೆ 2003ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಬಾರ್ಟಲ್ ನಾಲ್ಕನ್ನು ಎಂಟಾಗಿ ಬಿಡಿಸಿದರು. ಒಬ್ಬನೇ ಆಟಗಾರ ಕಾಲಕ್ರಮದಲ್ಲಿ ಒಂದು ಬಗೆಯಿಂದ ಇನ್ನೊಂದಕ್ಕೆ ಸರಿಯುತ್ತ ಹೋಗುವ ದಾರಿಗಳನ್ನೂ ಗುರುತಿಸಿದರು. ಅಂದರೆ ಬಗೆ ಎಂಬುದು ಹುಟ್ಟುಗುಣವೆಂದು ಆ ಬರಹದ ಕರ್ತೃವೇ ನಂಬಿರಲಿಲ್ಲ.

ಅಂಕಿಅಂಶದ ಕಡೆಯಿಂದ ಇದನ್ನು ತಿದ್ದಿದವರು ಸಂಶೋಧಕ ನಿಕ್ ಯೀ. ವರ್ಷಗಟ್ಟಲೆ ಎಂಎಂಒ ಆಟಗಾರರನ್ನು ಪ್ರಶ್ನಿಸಿ, ಸುಮಾರು 3,000 ಜನರ ಉತ್ತರಗಳನ್ನು ವಿಶ್ಲೇಷಿಸಿ, 2006ರಲ್ಲಿ ಅವರು ಹತ್ತು ಪ್ರೇರಣೆಗಳನ್ನು ಮೂರು ಗುಂಪಿನಲ್ಲಿಟ್ಟರು: ಸಾಧನೆ, ಒಡನಾಟ, ತಲ್ಲೀನತೆ. ಮೂರನೆಯ ಗುಂಪಿನಲ್ಲಿ ಪಾತ್ರವಾಗಿ ಬದುಕುವುದು, ವೇಷಭೂಷಣ ತಿದ್ದಿಕೊಳ್ಳುವುದು, ದಿನದ ಜಂಜಾಟದಿಂದ ತಪ್ಪಿಸಿಕೊಳ್ಳುವುದು ಬರುತ್ತವೆ. ಬಾರ್ಟಲ್‌ನ ನಾಲ್ಕು ಎಲೆಗಳಲ್ಲಿ ಇವುಗಳಿಗೆ ಜಾಗವೇ ಇರಲಿಲ್ಲ. ಇದಕ್ಕಿಂತ ಮುಖ್ಯವಾಗಿ, ಈ ಮೂರು ಗುಂಪುಗಳು ಒಂದನ್ನೊಂದು ತಳ್ಳಿಹಾಕುವುದಿಲ್ಲ ಎಂದು ಯೀ ತೋರಿಸಿದರು. ಲೆವೆಲ್‌ಗಾಗಿ ಪ್ರಾಣ ಬಿಡುವವನೇ ರಾತ್ರಿ ಗೆಳೆಯರ ಜೊತೆ ಹರಟೆಗೂ ಕೂರಬಹುದು. ಗಂಡು ಹೆಣ್ಣಿನ ವ್ಯತ್ಯಾಸಕ್ಕಿಂತ ವಯಸ್ಸಿನ ವ್ಯತ್ಯಾಸವೇ ಸಾಧನೆಯ ಹಂಬಲವನ್ನು ಹೆಚ್ಚು ವಿವರಿಸುತ್ತದೆ ಎಂಬುದೂ ಅವರ ಕೆಲಸದಿಂದ ಬಂದ ತಿಳಿವಳಿಕೆ. ಹುಡುಗಾಟದ ವಯಸ್ಸಿನ ಪೈಪೋಟಿ ಮೂವತ್ತು ದಾಟುವಾಗ ಕರಗುತ್ತದೆ.

ಇಷ್ಟು ಹೊತ್ತು ನಾವು ಮಾತಾಡಿದ ಆಟಗಾರರೆಲ್ಲ ಕೀಬೋರ್ಡ್ ಮುಂದೆ ಕೂತವರು. ಆಟ ಫೋನಿಗೆ ಬಂದಾಗ ಈ ವಿಂಗಡಣೆಗಳ ಕಾಲ ಕೆಳಗಿನ ನೆಲವೇ ಸರಿಯಿತು.

ಬೆಂಗಳೂರಿನ ಪಿಜಿಯೊಂದರಲ್ಲಿರುವ, ನನಗೆ ಬಳಗದವನಾದ ಹುಡುಗನ ಕೋಣೆಯಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಮೇಜಿನ ಮೇಲೆ ಚಾರ್ಜಿಗೆ ಹಾಕಿದ ಫೋನ್, ಪರದೆಯ ಬೆಳಕು ತಗ್ಗಿಸಿಟ್ಟಿದೆ. ಒಳಗೆ ಅವನ ಬಿಲ್ಲುಗಾರ್ತಿ ಕಾಡಿನಲ್ಲಿ ಬೇಟೆಯಾಡುತ್ತಿದ್ದಾಳೆ. ಎದುರಿಗೆ ಬಂದ ಮೃಗದ ಕಡೆ ತಾನೇ ತಿರುಗುತ್ತಾಳೆ, ಬಾಣ ಬಿಡುತ್ತಾಳೆ, ಅದು ಸತ್ತ ಕೂಡಲೇ ಪಕ್ಕದ ಮೃಗಕ್ಕೆ ತಿರುಗುತ್ತಾಳೆ. ಕೆಳಗಿನ ಮೂಲೆಯಲ್ಲಿ ಸಿಕ್ಕ ಚಿನ್ನದ ಲೆಕ್ಕ ಸಣ್ಣ ಅಕ್ಷರದಲ್ಲಿ ಒಂದೇ ಸಮನೆ ಮೇಲೆ ಸರಿಯುತ್ತಿದೆ. ಮದ್ದಿನ ಬಾಟಲಿ ಮುಗಿದರೆ ಊರಿಗೆ ಹೋಗಿ ಕೊಂಡು ತಂದು ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತಾಳೆ. ಹುಡುಗ ಊಟಕ್ಕೆ ಹೋದ, ಸ್ನಾನಕ್ಕೆ ಹೋದ, ಮಲಗಿದ. ಬೆಳಿಗ್ಗೆ ಎದ್ದವನು ಮೊದಲು ನೋಡಿದ್ದು ಕಾಂಬ್ಯಾಟ್ ಪವರ್ ಎಂಬ ಅಂಕಿಯನ್ನು. ಅದು ಏರಿತ್ತು. ಅವನ ಮುಖದಲ್ಲಿ ಮೂಡಿದ ಖುಷಿ ಸುಳ್ಳಾಗಿರಲಿಲ್ಲ. ಬಾರ್ಟಲ್ ಪ್ರಕಾರ ಅವನು ಸಾಧಕ. ಆದರೆ ಸಾಧಿಸಿದವರು ಯಾರು?

ಆಟೋ ಎಂದೇ ಎಲ್ಲರೂ ಕರೆಯುವ ಈ ವ್ಯವಸ್ಥೆ ಇಲ್ಲದ ಮೊಬೈಲ್ ಎಂಎಂಒಆರ್‌ಪಿಜಿ ಹುಡುಕಿದರೂ ಸಿಗುವುದು ಕಷ್ಟ. ಇದರ ದೊಡ್ಡ ಅಲೆ ಎದ್ದದ್ದು ದಕ್ಷಿಣ ಕೊರಿಯಾದಲ್ಲಿ. 2016ರ ಡಿಸೆಂಬರಿನಲ್ಲಿ ನೆಟ್‌ಮಾರ್ಬಲ್ ಕಂಪನಿಯ ಲಿನೇಜ್ 2: ರೆವಲ್ಯೂಷನ್ ಬಿಡುಗಡೆಯಾಗಿ ಮೊದಲ ತಿಂಗಳಲ್ಲೇ 20,600 ಕೋಟಿ ವಾನ್ ಗಳಿಸಿತು. 2017ರ ಜೂನಿನಲ್ಲಿ ಮೂಲ ಲಿನೇಜಿನ ಒಡೆಯರಾದ ಎನ್‌ಸಿಸಾಫ್ಟ್ ತಾವೇ ಲಿನೇಜ್ ಎಂ ತಂದರು. 1998ರಲ್ಲಿ ಪಿಸಿ ಬಾಂಗ್ ಎಂಬ ಕಂಪ್ಯೂಟರ್ ಅಂಗಡಿಗಳಲ್ಲಿ ಕೂತು ಲಿನೇಜ್ ಆಡಿದ್ದ ಹುಡುಗರು ಈಗ ಸಂಬಳ, ಸಂಸಾರ ಇರುವ ನಡುವಯಸ್ಕರಾಗಿದ್ದರು. ಅವರಿಗೆ ಕೊರಿಯನ್ನರಲ್ಲಿ ಲಿನೇಜ್ ಅಂಕಲ್ ಎಂಬ ಅಡ್ಡಹೆಸರೇ ಇದೆ. ಹಣವಿದೆ, ಸಮಯವಿಲ್ಲ. ಆಟೋ ಅವರಿಗೆಂದೇ ಹೇಳಿ ಮಾಡಿಸಿದ ಹಾಗಿತ್ತು.

ಆಟೋ ಪರವಾಗಿ ನ್ಯಾಯವಾದ ವಾದವೊಂದಿದೆ, ಅದನ್ನು ತಳ್ಳಿಹಾಕಬಾರದು. ಈ ಜಾತಿಯ ಆಟಗಳಲ್ಲಿ ಒಂದೇ ಮೃಗವನ್ನು ಸಾವಿರ ಸಲ ಕೊಲ್ಲುವ ಗ್ರೈಂಡಿಂಗ್ ಮೊದಲಿನಿಂದಲೂ ಇದೆ. ಅಂಗೈಯಗಲದ ಪರದೆಯ ಮೇಲೆ ಎರಡು ಹೆಬ್ಬೆರಳಲ್ಲಿ ಅದನ್ನು ಮಾಡುತ್ತ ಕೂರುವುದು ಹಿಂಸೆ. ಆ ಜೀತವನ್ನು ಯಂತ್ರಕ್ಕೆ ಬಿಟ್ಟು ಬಾಸ್ ಎಂಬ ದೈತ್ಯ ಎದುರಾಳಿಯ ಮೇಲೆ ಯಾವಾಗ ಹೋಗಬೇಕು, ಯಾವ ಆಯುಧ ಕಟ್ಟಬೇಕು, ಯಾರ ಜೊತೆ ಕೈಜೋಡಿಸಬೇಕು ಎಂಬ ತೀರ್ಮಾನವನ್ನು ಮನುಷ್ಯ ಇಟ್ಟುಕೊಳ್ಳಲಿ ಎನ್ನುತ್ತಾರೆ ಇದರ ಪರ ಇರುವವರು. ಒಪ್ಪುವ ಮಾತು. ಆದರೆ ಆ ಜೀತವನ್ನು ಅಲ್ಲಿಟ್ಟವರೂ ಆಟ ಕಟ್ಟಿದವರೇ. ಬೇಸರದ ಕೆಲಸವೊಂದನ್ನು ಸೃಷ್ಟಿಸಿ, ಅದನ್ನು ಮಾಡಲು ಯಂತ್ರ ಕೊಟ್ಟು, ಯಂತ್ರ ಇನ್ನೂ ವೇಗವಾಗಿ ಓಡಲಿ ಎಂದರೆ ದುಡ್ಡು ಕೊಟ್ಟು ಆಟದೊಳಗಿನ ವಜ್ರ ಖರೀದಿಸಿ ಎನ್ನುವ ಜಾಗಕ್ಕೆ ಬಂದಾಗ ನನ್ನ ಒಪ್ಪಿಗೆ ನಿಲ್ಲುತ್ತದೆ.

ಮನಶ್ಶಾಸ್ತ್ರಜ್ಞರಾದ ರಿಚರ್ಡ್ ರಯನ್, ಸ್ಕಾಟ್ ರಿಗ್ಬಿ, ಆಂಡ್ರ್ಯೂ ಪ್ರಿಝಿಬಿಲ್ಸ್ಕಿ 2006ರಲ್ಲಿ ವಿಡಿಯೊ ಆಟಗಳ ಸೆಳೆತವನ್ನು ಮೂರು ಹಸಿವುಗಳ ಮೂಲಕ ವಿವರಿಸಿದ್ದರು: ನನ್ನಿಂದ ಆಗುತ್ತದೆ ಎಂಬ ಹಸಿವು, ನನ್ನ ಇಷ್ಟದಂತೆ ನಡೆಯುತ್ತೇನೆ ಎಂಬ ಹಸಿವು, ನನಗೆ ನನ್ನವರಿದ್ದಾರೆ ಎಂಬ ಹಸಿವು. ಆಟೋ ಮೊದಲನೆಯದರ ಮೇಲೆ ಕೈಯಿಡುತ್ತದೆ. ಅಂಕಿ ಬೆಳೆಯುತ್ತದೆ, ಆಡುವವನ ಕೈ ಮಾತ್ರ ಪಳಗುವುದಿಲ್ಲ. ದಿನವೂ ಲಾಗಿನ್ ಆದರೆ ಉಡುಗೊರೆ, ಏಳು ದಿನ ತಪ್ಪದಿದ್ದರೆ ದೊಡ್ಡ ಉಡುಗೊರೆ ಎಂಬ ಹಾಜರಿ ಪದ್ಧತಿ ಎರಡನೆಯದನ್ನು ತಿನ್ನುತ್ತದೆ. 1973ರಲ್ಲಿ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ ಮಾಡಿದ ಪ್ರಯೋಗ ಇಲ್ಲಿ ನೆನಪಾಗದೆ ಇರದು. ಚಿತ್ರ ಬಿಡಿಸುವುದೆಂದರೆ ಆಸೆಪಡುತ್ತಿದ್ದ ಮಕ್ಕಳನ್ನು ಆರಿಸಿ, ಬಿಡಿಸಿದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಕೆಲವರಿಗೆ ಮೊದಲೇ ಹೇಳಿದರು. ಆ ಪತ್ರದ ಹೆಸರೇ ಒಳ್ಳೆಯ ಆಟಗಾರ ಪ್ರಶಸ್ತಿ. ಕೆಲವು ದಿನಗಳ ನಂತರ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದರೆ, ಪ್ರಶಸ್ತಿಯ ಆಸೆ ಹುಟ್ಟಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ನನಗೆ ಗೊತ್ತಿರುವ ಎಷ್ಟೋ ಹುಡುಗರು ಆಟ ಬೇಸರವಾಗಿದೆ ಅಂತ ತಾವೇ ಹೇಳುತ್ತ, ಹಾಜರಿ ತಪ್ಪಬಾರದೆಂದು ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಫೋನ್ ತೆಗೆಯುತ್ತಾರೆ. ಅವರನ್ನು ಸಾಧಕರೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಶೋಧಕನ ಕಥೆ ಬೇಗ ಮುಗಿಯುತ್ತದೆ. ಮೊಬೈಲ್ ಆಟದಲ್ಲಿ ಕ್ವೆಸ್ಟ್, ಅಂದರೆ ಆಟ ಒಪ್ಪಿಸುವ ಕೆಲಸದ ಹೆಸರನ್ನು ಮುಟ್ಟಿದರೆ ಸಾಕು, ಪಾತ್ರ ಬೆಟ್ಟ ಹತ್ತಿ ಹೊಳೆ ದಾಟಿ ತಾನೇ ಆ ಜಾಗಕ್ಕೆ ಓಡುತ್ತದೆ. ದಾರಿ ತಪ್ಪಲು ಅವಕಾಶವಿಲ್ಲದ ಕಡೆ ಶೋಧವೂ ಇಲ್ಲ. ಬ್ಲ್ಯಾಕ್ ಡೆಸರ್ಟ್ ಮೊಬೈಲಿನಂಥ ಆಟದಲ್ಲಿ ಕಲಾವಿದರು ಅಷ್ಟು ಚೆಂದ ಬರೆದಿಟ್ಟ ಊರುಕೇರಿಗಳ ನಡುವೆ ಆಟಗಾರ ನಿದ್ದೆಗಣ್ಣಿನ ಬಸ್ ಪ್ರಯಾಣಿಕನಂತೆ ಹಾದುಹೋಗುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಹಂತಕನಿಗೆ ಆದದ್ದು ಬೇರೆ. ಅವನು ಅಳಿಯಲಿಲ್ಲ, ಅವನಿಗೆ ಬೆಲೆಪಟ್ಟಿ ಬಂತು. ಇದು ಎಷ್ಟು ದೊಡ್ಡ ಬದಲಾವಣೆ ಎಂದು ತಿಳಿಯಲು ಲಿನೇಜಿನ ಹಿಂದಿನ ಚರಿತ್ರೆಗೇ ಹೋಗಬೇಕು. ಕಂಪ್ಯೂಟರಿನ ಲಿನೇಜ್ 2 ಆಟದಲ್ಲಿ ಬಾರ್ಟ್ಸ್ ಎಂಬ ಸರ್ವರ್ ಇತ್ತು. ಅಲ್ಲಿ ಬಲಾಢ್ಯ ಪಡೆಯೊಂದು ಕೋಟೆಗಳನ್ನು ಹಿಡಿದು, ತೆರಿಗೆ ಏರಿಸಿ, ಒಳ್ಳೆಯ ಬೇಟೆಯ ಜಾಗಗಳಿಗೆ ಇತರರು ಕಾಲಿಡದಂತೆ ಮಾಡಿತ್ತು. 2004ರಲ್ಲಿ ಬಡಪಾಯಿ ಆಟಗಾರರು ತಿರುಗಿಬಿದ್ದರು. ಬೇರೆ ಸರ್ವರ್‌ಗಳಲ್ಲಿ ಆಡುತ್ತಿದ್ದವರೂ ಸುದ್ದಿ ಕೇಳಿ ಇಲ್ಲಿ ಹೊಸ ಪಾತ್ರ ಮಾಡಿಕೊಂಡು ಬಂದು ಸೇರಿದರು. ಅವರ ಮೈಮೇಲೆ ಒಳಉಡುಪಿನಂತೆ ಕಾಣುವ ಕಡಿಮೆ ಬೆಲೆಯ ಉಡುಗೆ, ಕೈಯಲ್ಲಿ ಮೂಳೆಯ ಆಯುಧ. ಅದಕ್ಕೇ ಅವರಿಗೆ ಒಳಉಡುಪಿನ ದಳ ಎಂದು ಹೆಸರು ಬಿತ್ತು. ಒಬ್ಬ ಬಲಶಾಲಿಯನ್ನು ಕೆಡವಲು ಹತ್ತಾರು ಜನ ಸಾಯಬೇಕಿತ್ತು. ಸತ್ತರು, ಮತ್ತೆ ಎದ್ದು ಬಂದರು, ಕೋಟೆಯನ್ನೂ ಹಿಡಿದರು. ಬಾರ್ಟ್ಸ್ ವಿಮೋಚನಾ ಯುದ್ಧ ಎಂದು ಕೊರಿಯಾದ ಆಟಗಾರರು ಇಂದಿಗೂ ನೆನೆಯುವುದು ಇದನ್ನೇ. ಆ ದಿನ ಮೂಳೆಯ ಕತ್ತಿ ಹಿಡಿದು ನಿಂತವನು ಸಾಧಕನೋ, ಹಂತಕನೋ, ಒಡನಾಡಿಯೋ? ಬಾರ್ಟಲ್‌ನ ನಾಲ್ಕು ಮೂಲೆಗಳಲ್ಲಿ ಯಾವುದರಲ್ಲೂ ಅವನು ನಿಲ್ಲುವುದಿಲ್ಲ. ಅನ್ಯಾಯ ಕಂಡು ಬಂದವನು ಅವನು. ಬಾರ್ಟ್ಸ್ ಲೋಕದ ಸ್ಥಿತಿ ಅವನನ್ನು ಹಾಗೆ ಮಾಡಿತ್ತು.

ಲಿನೇಜ್ ಎಂ ಮಾದರಿಯ ಮೊಬೈಲ್ ಆಟದಲ್ಲಿ ಇಂಥ ದಂಗೆ ಏಳಲಾರದು ಎಂಬುದು ನನ್ನ ಎಣಿಕೆ. ಅಲ್ಲಿ ಬಲ ಬರುವುದು ಆಯುಧವನ್ನು ಮತ್ತೆ ಮತ್ತೆ ಹದಗೊಳಿಸುವುದರಿಂದ, ಪಾತ್ರದ ರೂಪ ಬದಲಿಸುವ ಕಾರ್ಡುಗಳನ್ನು ಲಾಟರಿಯಂತೆ ಎತ್ತುವುದರಿಂದ. ಎರಡಕ್ಕೂ ಅದೃಷ್ಟ ಬೇಕು, ಅದೃಷ್ಟ ಪರೀಕ್ಷಿಸುತ್ತ ಹೋಗಲು ದುಡ್ಡು ಬೇಕು. ಲಕ್ಷಗಟ್ಟಲೆ ಸುರಿದವನಿಗೂ ಏನೂ ಕೊಡದವನಿಗೂ ನಡುವಿನ ಅಂತರ ಎಷ್ಟೆಂದರೆ ನೂರು ಜನ ಮುತ್ತಿದರೂ ಹಣ ಸುರಿದವನ ಮೈಗೆ ಗೀರು ಬೀಳುವುದಿಲ್ಲ. ಜನಬಲಕ್ಕೆ ಬೆಲೆಯಿಲ್ಲದ ಲೋಕದಲ್ಲಿ ಸಾಮಾನ್ಯ ಆಟಗಾರ ಏನಾಗುತ್ತಾನೆ? ಆ ಹಣವಂತನ ಬಲ ಎದ್ದುಕಾಣಲು ಬೇಕಾದ ಹಿನ್ನೆಲೆಯಾಗುತ್ತಾನೆ. ಉಚಿತವಾಗಿ ಆಡಲು ಬಿಡುವುದರ ಅರ್ಥ ಇದು.

ಈಗ ಒಡನಾಡಿ. ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಇವನ ಬಗ್ಗೆ. ಮಡ್‌ನಲ್ಲಿ ಆಡುವುದೂ ಟೈಪ್ ಮಾಡುವುದೂ ಒಂದೇ ಆಗಿತ್ತು. ಕತ್ತಿ ಬೀಸಿದ ಕೈಯೇ ಯೋಗಕ್ಷೇಮ ಕೇಳುತ್ತಿತ್ತು. ಫೋನಿನಲ್ಲಿ ಚಾಟ್ ತೆರೆದರೆ ಕೀಬೋರ್ಡ್ ಮೇಲೆದ್ದು ಅರ್ಧ ಲೋಕವನ್ನೇ ಮುಚ್ಚುತ್ತದೆ. ಹಾಗಾಗಿ ಮಾತು ಆಟದಿಂದ ಹೊರಗೆ ಹೋಯಿತು: ಡಿಸ್ಕಾರ್ಡಿಗೆ, ವಾಟ್ಸಾಪಿಗೆ, ಕೊರಿಯಾದಲ್ಲಾದರೆ ಕಾಕಾವೊ ಟಾಕಿಗೆ. ಇಂಥ ಆಟಗಳಲ್ಲಿ ಹಲವಕ್ಕೆ ಭಾರತದಲ್ಲಿ ಸರ್ವರ್ ಇಲ್ಲ. ನಮ್ಮ ಹುಡುಗರು ಆಗ್ನೇಯ ಏಷ್ಯಾದ ಸರ್ವರಿಗೆ ಹೋಗಿ ಫಿಲಿಪೀನ್ಸ್, ಇಂಡೊನೇಷ್ಯಾದವರ ಗಿಲ್ಡುಗಳಲ್ಲಿ, ಅಂದರೆ ಆಟದೊಳಗಿನ ತಂಡಗಳಲ್ಲಿ, ಜಾಗ ಮಾಡಿಕೊಳ್ಳುತ್ತಾರೆ. ಆಟದ ಸಾಮಾನ್ಯ ಚಾಟಿನಲ್ಲಿ ಹರುಕುಮುರುಕು ಇಂಗ್ಲಿಷ್, ಗಿಲ್ಡಿನಲ್ಲಿ ಇನ್ನೊಬ್ಬ ಕನ್ನಡದವನು ಸಿಕ್ಕರೆ ಆ ರಾತ್ರಿಯೇ ಪ್ರತ್ಯೇಕ ವಾಟ್ಸಾಪ್ ಗುಂಪು. ಗೊತ್ತಿಲ್ಲದ ದೇಶದವರ ಜೊತೆ ಒಂದು ಬಾಸ್ ಕೆಡವಿದ ಮೇಲೆ ಹುಟ್ಟುವ ಸಲಿಗೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಾಸ್ಟೆಲಿನ ಒಂಟಿ ಕೋಣೆಯಲ್ಲಿ ಕೂತವನಿಗೆ ಅದು ನಿಜವಾದ ಆಸರೆ.

ಆ ಆಸರೆಯನ್ನೇ ಕೊಕ್ಕೆಯಾಗಿ ಬಳಸುವುದು ನನಗೆ ಸಹಿಸಲಾಗದು. ಗಿಲ್ಡಿಗೆ ದಿನದ ದೇಣಿಗೆ, ಗಿಲ್ಡ್ ಬಾಸ್‌ಗೆ ನಿಗದಿತ ಸಮಯ, ವಾರಕ್ಕೊಮ್ಮೆ ಕೋಟೆಯ ಮುತ್ತಿಗೆ, ಬಾರದವರ ಹೆಸರು ಎಲ್ಲರಿಗೂ ಕಾಣುವ ಪಟ್ಟಿ. ನೀನೊಬ್ಬ ತಪ್ಪಿದರೆ ಗಿಲ್ಡಿನ ಎಲ್ಲರ ಬಹುಮಾನ ಕಮ್ಮಿಯಾಗುತ್ತದೆ. ಆಟ ಸಾಕಾಗಿ ಬಿಡಬೇಕೆಂದಿರುವವನನ್ನು ಹಿಡಿದು ನಿಲ್ಲಿಸುವುದು ಈಗ ಮೃಗವೂ ಅಲ್ಲ, ಚಿನ್ನವೂ ಅಲ್ಲ. ಗೆಳೆಯರ ಎದುರು ಮುಖ ತೋರಿಸುವುದು ಹೇಗೆ ಎಂಬ ಅಳುಕು. ಬಾರ್ಟಲ್‌ನ ಒಡನಾಡಿ ಜನರ ಮೇಲಿನ ಪ್ರೀತಿಯಿಂದ ಬರುತ್ತಿದ್ದ. ಇವನು ಆ ಪ್ರೀತಿಗೆ ತೆರುವ ದಂಡವಾಗಿ ಬರುತ್ತಾನೆ. ಹೊರಗಿನಿಂದ ನೋಡಿದರೆ ಇಬ್ಬರ ಲಾಗಿನ್ ದಾಖಲೆಯೂ ಒಂದೇ ಥರ ಕಾಣುತ್ತದೆ. ಪ್ರೇರಣೆಯನ್ನು ಲಾಗಿನ್ ಲೆಕ್ಕದಿಂದ ಅಳೆಯುವ ಕಂಪನಿಗಳಿಗೆ ಈ ವ್ಯತ್ಯಾಸ ಬೇಕಾಗಿಯೂ ಇಲ್ಲ.

ಕಂಪನಿಗಳ ಬಳಿ ಆಟಗಾರರನ್ನು ವಿಂಗಡಿಸುವ ಇನ್ನೊಂದು ಪಟ್ಟಿಯಿದೆ: ತಿಮಿಂಗಿಲ, ಡಾಲ್ಫಿನ್, ಸಣ್ಣಮೀನು. ಯಾರು ಎಷ್ಟು ಖರ್ಚು ಮಾಡುತ್ತಾರೆ ಎಂಬುದೊಂದೇ ಇದರ ಆಧಾರ. ತಿಮಿಂಗಿಲ ಎಂಬ ಮಾತು ಬಂದದ್ದು ಕ್ಯಾಸಿನೊಗಳಿಂದ, ದೊಡ್ಡ ಮೊತ್ತ ಕಟ್ಟುವವರನ್ನು ಅಲ್ಲಿ ಹಾಗೆ ಕರೆಯುತ್ತಾರೆ. ವರಮಾನದ ಬಹುಪಾಲು ಕೆಲವೇ ತಿಮಿಂಗಿಲಗಳಿಂದ ಬರುವುದರಿಂದ ಆಟದ ಪ್ರತಿ ಮೂಲೆಯೂ ಅವರಿಗಾಗಿ ತಿದ್ದಿಕೊಳ್ಳುತ್ತದೆ. ಈ ಪಟ್ಟಿಯೇ ಇಂದು ಆಟಗಳನ್ನು ಕಟ್ಟುತ್ತಿದೆ, ಬಾರ್ಟಲ್‌ನ ನಾಲ್ಕು ಎಲೆಗಳು ಅದಕ್ಕೆ ಸಾಧನಗಳಾಗಿವೆ. ಸಾಧಕನಿಗೆ ಲೆವೆಲ್ ಪ್ಯಾಕ್, ಒಡನಾಡಿಗೆ ಗಿಲ್ಡ್ ಉಡುಗೊರೆ ಪೆಟ್ಟಿಗೆ, ಹಂತಕನಿಗೆ ಸೇಡಿನ ಟಿಕೆಟ್.

ಸರ್ಕಾರಗಳು ತಡವಾಗಿ ಎಚ್ಚೆತ್ತವು. ಬಿಡಿ ಚೀಟಿಗಳನ್ನು ಕೂಡಿಸಿ ಪೂರ್ತಿ ಸೆಟ್ ಮಾಡಿದರೆ ದೊಡ್ಡ ಬಹುಮಾನ ಎಂಬ ಗಾಚಾ ಪದ್ಧತಿಗೆ ಜಪಾನ್ 2012ರಲ್ಲೇ ತಡೆಯೊಡ್ಡಿತು. ಒಳಗೇನಿದೆ ಎಂದು ತಿಳಿಯದೆ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆಗಳಾದ ಲೂಟ್ ಬಾಕ್ಸ್‌ಗಳನ್ನು ಬೆಲ್ಜಿಯಂ 2018ರಲ್ಲಿ ಜೂಜಿನ ಸಾಲಿಗೆ ಸೇರಿಸಿತು. 2022ರ ಜೂನಿನಲ್ಲಿ ಡಯಾಬ್ಲೊ ಇಮ್ಮಾರ್ಟಲ್ ಎಂಬ ಮೊಬೈಲ್ ಆಟ ಬಿಡುಗಡೆಯಾದಾಗ ಬೆಲ್ಜಿಯಂನಲ್ಲೂ ನೆದರ್ಲೆಂಡ್ಸ್‌ನಲ್ಲೂ ಅದು ಬರಲೇ ಇಲ್ಲ. ಕೊರಿಯಾದಲ್ಲಿ ಮೇಪಲ್‌ಸ್ಟೋರಿ ಆಟದ ಲಾಟರಿ ವಸ್ತುಗಳ ಸಾಧ್ಯತೆಯನ್ನು ಆಟಗಾರರಿಗೆ ತಿಳಿಸದೆ ತಗ್ಗಿಸಿದ್ದಕ್ಕೆ 2024ರ ಜನವರಿಯಲ್ಲಿ ನೆಕ್ಸಾನ್ ಕಂಪನಿಗೆ 1,160 ಕೋಟಿ ವಾನ್ ದಂಡ ಬಿತ್ತು. ಅದೇ ವರ್ಷದ ಮಾರ್ಚ್ 22ರಿಂದ ಅಂಥ ಪ್ರತಿಯೊಂದರ ಸಾಧ್ಯತೆಯನ್ನೂ ಬಹಿರಂಗಪಡಿಸುವುದು ಅಲ್ಲಿ ಕಡ್ಡಾಯವಾಯಿತು. ನಮ್ಮಲ್ಲಿ ಚರ್ಚೆ ಬೇರೆ ಕಡೆ ನಿಂತಿದೆ. ಆನ್‌ಲೈನ್ ಪಣದ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನೇ ನಿಷೇಧಿಸಿತು. ಎರಡರ ಕಣ್ಣೂ ದುಡ್ಡಿನ ಪಣದ ಮೇಲಿತ್ತು. ಮೊಬೈಲ್ ಎಂಎಂಒದಲ್ಲಿ ಹುಡುಗ ಯುಪಿಐ ಮೂಲಕ ಕಟ್ಟುವುದು ದುಡ್ಡು, ಗೆಲ್ಲುವುದು ಮತ್ತೆ ಎಂದೂ ದುಡ್ಡಾಗದ ಒಂದು ಕತ್ತಿ. ಅವನ ಬಗ್ಗೆ ಯಾರೂ ಮಾತಾಡುತ್ತಿಲ್ಲ.

ಎಲ್ಲ ಪಟ್ಟಿಗಳಿಂದಲೂ ಹೊರಗುಳಿದ ಆಟಗಾರನೊಬ್ಬನಿದ್ದಾನೆ. ವೆನೆಜುವೆಲಾದ ಹಣ ಕಾಗದದ ಚೂರಿನಷ್ಟು ಅಗ್ಗವಾದ ವರ್ಷಗಳಲ್ಲಿ ಅಲ್ಲಿನ ಎಷ್ಟೋ ಜನ ಎಂಎಂಒ ಆಟವಾದ ಓಲ್ಡ್ ಸ್ಕೂಲ್ ರೂನ್‌ಸ್ಕೇಪಿನಲ್ಲಿ ಹಸಿರು ಡ್ರ್ಯಾಗನ್‌ಗಳನ್ನು ಗಂಟೆಗಟ್ಟಲೆ ಕೊಂದು, ಸಿಕ್ಕ ಮೂಳೆ ಚರ್ಮ ಮಾರಿ, ಆ ಚಿನ್ನವನ್ನು ಆಟದ ಹೊರಗೆ ಡಾಲರಿಗೆ ಕೊಟ್ಟು ಮನೆಗೆ ಅಕ್ಕಿ ಬೇಳೆ ತಂದರು. ಇದು ಆಟದ ನಿಯಮಕ್ಕೆ ವಿರುದ್ಧ. ಅವರನ್ನು ಹುಡುಕಿ ಕೊಲ್ಲುವುದನ್ನೇ ಮನರಂಜನೆ ಮಾಡಿಕೊಂಡ ಶ್ರೀಮಂತ ದೇಶಗಳ ಆಟಗಾರರೂ ಇದ್ದರು. 2019ರ ಮಾರ್ಚಿನಲ್ಲಿ ವೆನೆಜುವೆಲಾದ ಉದ್ದಗಲಕ್ಕೂ ಕರೆಂಟ್ ಹೋದಾಗ ಆ ಡ್ರ್ಯಾಗನ್‌ಗಳ ಬಯಲು ಬಿಕೋ ಎಂದಿತು. ಇವರಿಗೆ ಯಾವ ಬಗೆಯ ಹೆಸರು ಕೊಡೋಣ? ಆಟವೆಂದರೆ ಬಿಡುವಿನ ವಸ್ತು ಎಂಬ ನಂಬಿಕೆಯ ಮೇಲೆಯೇ ಪ್ರೇರಣೆಯ ಸಿದ್ಧಾಂತಗಳೆಲ್ಲ ನಿಂತಿವೆ. ಅದೇ ಬಯಲಿನಲ್ಲಿ ಒಬ್ಬ ದುಡಿಯುತ್ತಿದ್ದಾನೆ, ಇನ್ನೊಬ್ಬ ಆಡುತ್ತಿದ್ದಾನೆ, ಇಬ್ಬರ ಕೈಯಲ್ಲೂ ಒಂದೇ ಕತ್ತಿ ಎಂಬ ಸಂಗತಿಗೆ ಅವುಗಳಲ್ಲಿ ಉತ್ತರವಿಲ್ಲ.

ಆ ರೂನ್‌ಸ್ಕೇಪನ್ನೇ ಇನ್ನೊಂದು ಕಾರಣಕ್ಕೆ ಇಲ್ಲಿ ಹೊಗಳಬೇಕಿದೆ. 2018ರ ಅಕ್ಟೋಬರಿನಲ್ಲಿ ಅದು ಫೋನಿಗೆ ಬಂದಾಗ ಕಂಪ್ಯೂಟರಿನ ಲೋಕವೇ ಇಡಿಯಾಗಿ ಬಂತು. ಪ್ರತ್ಯೇಕ ಮೊಬೈಲ್ ಲೋಕವಿಲ್ಲ, ಆಟೋ ಬೇಟೆಯಿಲ್ಲ. ಯಂತ್ರದಿಂದ ಆಡಿಸಿದರೆ ಖಾತೆಯೇ ರದ್ದು. ಹೊಸದೇನನ್ನು ಸೇರಿಸಬೇಕಾದರೂ ಆಟಗಾರರ ಮತ ಕೇಳುವ ಪದ್ಧತಿ ಅಲ್ಲಿದೆ, ಬಹುಕಾಲ ಶೇ. 75 ಮತ ಬಿದ್ದರೆ ಮಾತ್ರ ಅದು ಆಟದೊಳಗೆ ಬರುತ್ತಿತ್ತು. 2014ರಲ್ಲಿ ಸೇರಿಸಿದ ಐರನ್‌ಮ್ಯಾನ್ ಎಂಬ ವಿಧಾನ ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ. ಆ ದಾರಿ ಹಿಡಿದವನು ಇತರರಿಂದ ಏನನ್ನೂ ಕೊಳ್ಳುವಂತಿಲ್ಲ, ಉಡುಗೊರೆ ಪಡೆಯುವಂತಿಲ್ಲ. ಬಿಲ್ಲು ಬೇಕಾದರೆ ಮರ ಕಡಿಯಬೇಕು, ಅಗಸೆ ಕಿತ್ತು ನೂತು ಹೆದೆ ಮಾಡಬೇಕು. ದುಡ್ಡು ಕೊಟ್ಟು ಕೊಂಡ ಬಾಂಡ್ ಮಾರಿ ಚಿನ್ನ ಮಾಡಿಕೊಳ್ಳುವ ಸೌಲಭ್ಯ ಈ ಆಟದಲ್ಲೂ ಇದೆ, ಅದೊಂದು ಕಳಂಕ. ಐರನ್‌ಮ್ಯಾನ್‌ಗೆ ಆ ಬಾಗಿಲೂ ಮುಚ್ಚಿದೆ. ಹೀಗಿದ್ದೂ ಎಷ್ಟೊಂದು ಜನ ಇದನ್ನು ತಾವಾಗಿಯೇ ಆರಿಸಿಕೊಳ್ಳುತ್ತಾರೆ. ರಾತ್ರಿಯಿಡೀ ಆಟೋ ಹಾಕಿ ಮಲಗುವವನನ್ನೂ ಇವನನ್ನೂ ಸಾಧಕ ಎಂಬ ಒಂದೇ ಹೆಸರಿನಿಂದ ಕರೆದರೆ ಆ ಹೆಸರು ಏನನ್ನೂ ಹೇಳುವುದಿಲ್ಲ. ಕೆಲವೊಮ್ಮೆ ಇಬ್ಬರೂ ಒಬ್ಬನೇ ಮನುಷ್ಯ: ಒಂದು ಆಟದಲ್ಲಿ ಹಾಗೆ, ಇನ್ನೊಂದರಲ್ಲಿ ಹೀಗೆ. ಅದಕ್ಕೇ ಆಟಗಾರನಿಗೆ ಪ್ರಶ್ನಾವಳಿ ಕೊಡುವ ಬದಲು ಆಟಕ್ಕೆ ಕೊಡಬೇಕೆಂದು ನನಗನ್ನಿಸುವುದು. ನಿನ್ನೊಳಗೆ ಬಂದವನನ್ನು ಆರು ತಿಂಗಳಲ್ಲಿ ಏನು ಮಾಡುತ್ತೀಯ?

ಆಲ್ಬಿಯನ್ ಆನ್‌ಲೈನ್ ಈ ಪ್ರಶ್ನೆಗೆ ಒರಟಾದ, ಆದರೆ ಪ್ರಾಮಾಣಿಕವಾದ ಉತ್ತರ ಕೊಡುತ್ತದೆ. ಬರ್ಲಿನ್ನಿನ ಸ್ಯಾಂಡ್‌ಬಾಕ್ಸ್ ಇಂಟರಾಕ್ಟಿವ್ 2017ರಲ್ಲಿ ಕಂಪ್ಯೂಟರಿಗೂ 2021ರ ಜೂನಿನಲ್ಲಿ ಫೋನಿಗೂ ಬಿಡುಗಡೆ ಮಾಡಿದ ಆಟ ಇದು. 2023ರಲ್ಲಿ ಏಷ್ಯಾಕ್ಕೆಂದು ಪ್ರತ್ಯೇಕ ಸರ್ವರ್ ಬಂದ ಮೇಲೆ ನಮ್ಮವರಿಗೂ ಹತ್ತಿರವಾಯಿತು. ಇಲ್ಲಿನ ಕತ್ತಿ ಗುರಾಣಿಗಳನ್ನು ಮಾಡುವವರು ಆಟಗಾರರೇ. ಮೃಗವನ್ನು ಕೊಂದಾಗ ಬೀಳುವ ಆಯುಧ ಕೂಡ, ಇನ್ನೊಬ್ಬ ಆಟಗಾರ ಕೇರ್ಲಿಯನ್ ಪಟ್ಟಣದ ಕಾಳಸಂತೆಗೆ ಮಾರಿದ್ದೇ ಆಗಿರುತ್ತದೆ. ನೀಲಿ, ಹಳದಿ ವಲಯಗಳಲ್ಲಿ ಪ್ರಾಣಭಯವಿಲ್ಲ. ಕೆಂಪು, ಕಪ್ಪು ವಲಯದಲ್ಲಿ ಸತ್ತರೆ ಮೈಮೇಲಿದ್ದುದೆಲ್ಲ ಕೈತಪ್ಪುತ್ತದೆ. ನಾಲ್ಕು ಎಲೆಗಳೂ ಇಲ್ಲಿ ಒಂದನ್ನೊಂದು ನೆಚ್ಚಿ ನಿಂತಿವೆ. ಗಣಿಯಿಂದ ಅದಿರು ಕೀಳುವವನಿಲ್ಲದೆ ಕಮ್ಮಾರನಿಲ್ಲ, ಕಮ್ಮಾರನಿಲ್ಲದೆ ಹಂತಕನ ಕೈಯಲ್ಲಿ ಕತ್ತಿಯಿಲ್ಲ, ಹಂತಕ ಮುರಿದು ಹಾಕದಿದ್ದರೆ ಕಮ್ಮಾರನ ಸರಕಿಗೆ ಗಿರಾಕಿಯಿಲ್ಲ. ಬಾರ್ಟಲ್ ಹೇಳಿದ ಹದವನ್ನು ಮಾರುಕಟ್ಟೆಯ ಮೂಲಕ ಸಾಧಿಸಲು ನೋಡಿದ ಆಟವೆಂದರೆ ಇದೇ.

ಕೊರತೆಯಿಲ್ಲವೆಂದಲ್ಲ. ಕಪ್ಪು ವಲಯವನ್ನು ದೊಡ್ಡ ಗಿಲ್ಡುಗಳ ಒಕ್ಕೂಟಗಳು ಹಂಚಿಕೊಂಡಿವೆ. ಚಿನ್ನ ಕೊಂಡು ಬೆಳ್ಳಿಗೆ ಬದಲಿಸಿಕೊಳ್ಳುವ ದಾರಿಯಿಂದ ಹಣವಂತ ಇಲ್ಲಿಯೂ ನುಸುಳುತ್ತಾನೆ; ಆದರೆ ಕೊಂಡದ್ದನ್ನು ಒಂದೇ ಸಾವಿನಲ್ಲಿ ಕಳೆದುಕೊಳ್ಳುತ್ತಾನೆ ಕೂಡ. ಎಲ್ಲಕ್ಕಿಂತ ದೊಡ್ಡ ತೊಂದರೆ ಫೋನಿನವನದು. ಎತ್ತಿನ ಮೇಲೆ ಅದಿರು ಹೇರಿಕೊಂಡು ಕೆಂಪು ವಲಯ ದಾಟುತ್ತಿರುವಾಗ ಮರೆಯಿಂದ ಮೂವರು ಕುದುರೆ ಸವಾರರು ನುಗ್ಗುತ್ತಾರೆ. ದೊಡ್ಡ ಮಾನಿಟರ್ ಇಟ್ಟುಕೊಂಡವನಿಗೆ ಅವರು ಸ್ಪಷ್ಟವಾಗಿ ಕಾಣುತ್ತಾರೆ, ಮೌಸ್ ಒತ್ತಿ ತಪ್ಪಿಸಿಕೊಳ್ಳುತ್ತಾನೆ. ಫೋನಿನವನ ಹೆಬ್ಬೆರಳು ಪರದೆಯ ಆ ಮೂಲೆಯನ್ನೇ ಮುಚ್ಚಿರುತ್ತದೆ. ಒಂದೇ ಲೋಕ ಎಂದು ಹೇಳಿಕೊಂಡ ಮೇಲೆ ಈ ಅಂತರವನ್ನು ತುಂಬುವ ಹೊಣೆ ಕಟ್ಟಿದವರದು. ಇಷ್ಟು ವರ್ಷ ಕಳೆದರೂ ಅದನ್ನು ಅವರು ಪೂರ್ತಿ ಹೊತ್ತಿಲ್ಲ.